ನಾಲ್ಕನೆಯ ತರಗತಿಗೆ ಬಂದರೂ ಓದಲು ತಡವರಿಸುವ ಮಕ್ಕಳಿಗೆ ಯಾರು ಬೇಕು?

ನಾಲ್ಕನೆಯ ತರಗತಿಗೆ ಬಂದರೂ ಪಠ್ಯಪುಸ್ತಕದ ಒಂದು ಪ್ಯಾರಾ ಓದಲಾಗದ ಮಗುವಿನ ಬಗ್ಗೆ ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಎರಡು: ಮನೆಯಲ್ಲಿ ಓದಿಸುವವರಿಲ್ಲ, ಇಲ್ಲವೇ ಮಗುವಿಗೆ ಗಮನವಿಲ್ಲ. ಎರಡೂ ಕೆಲವೊಮ್ಮೆ ನಿಜವಿರಬಹುದು. ಆದರೆ ಮಾರನೆಯ ದಿನ ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನನ್ನು ಕಲಿಸಬೇಕು ಎಂಬುದು ಈ ಮಾತುಗಳಿಂದ ತಿಳಿಯುವುದಿಲ್ಲ. ಅಮೆರಿಕದ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಇದಕ್ಕೆಂದೇ ರೀಡಿಂಗ್ ಸ್ಪೆಷಲಿಸ್ಟ್ ಎಂಬ ಹುದ್ದೆಯಿದೆ. ಓದು ಕಲಿಸುವುದನ್ನೇ ವಿಶೇಷವಾಗಿ ವ್ಯಾಸಂಗ ಮಾಡಿದ ಈ ಶಿಕ್ಷಕರು ಹಿಂದುಳಿದ ಕೆಲವೇ ಮಕ್ಕಳನ್ನು ಒಟ್ಟಿಗೆ ಕೂರಿಸಿ ನಿಯಮಿತವಾಗಿ ಕಲಿಸುತ್ತಾರೆ. ಉಳಿದ ವೇಳೆಯಲ್ಲಿ ತರಗತಿ ಶಿಕ್ಷಕರಿಗೆ ನೆರವಾಗುತ್ತಾರೆ. ನಮ್ಮಲ್ಲಿಯೂ ಪ್ರತಿ ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪಿಗೆ, ಅಂಥವರೊಬ್ಬರು ಬೇಕು, ಮತ್ತು ಅವರು ಕನ್ನಡದ ಓದನ್ನೇ ಅಭ್ಯಾಸ ಮಾಡಿದವರಾಗಿರಬೇಕು ಎಂಬುದು ನನ್ನ ಅಭಿಪ್ರಾಯ.

ಕನ್ನಡದ ಓದು ಎಂದು ಒತ್ತಿ ಹೇಳಲು ಕಾರಣವಿದೆ. ಬರೆದಂತೆಯೇ ಓದುವ ಭಾಷೆ ಎಂಬ ಹೆಮ್ಮೆಯಲ್ಲಿ ನಾವು ಅದರ ಕಷ್ಟವನ್ನು ಮರೆಯುತ್ತೇವೆ. ವರ್ಣಮಾಲೆಯಲ್ಲಿರುವುದು 49 ಅಕ್ಷರಗಳೇ ಆದರೂ ಕಾಗುಣಿತ ಸೇರಿದಾಗ ಮಗುವಿನ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರಾಗುತ್ತವೆ, ಅದರ ಮೇಲೆ ಒತ್ತಕ್ಷರಗಳು ಬೇರೆ. ತ, ನ, ಮ, ಯ, ರ ಅಕ್ಷರಗಳ ಒತ್ತುಗಳು ಮೂಲಾಕ್ಷರದಂತೆ ಕಾಣುವುದೇ ಇಲ್ಲ. ‘ಸೂರ್ಯ’ ಎಂಬ ಪದದಲ್ಲಿ ಅರ್ಕಾವೊತ್ತು ಬರೆಯುವಾಗ ಕೊನೆಯಲ್ಲಿ ಬರುತ್ತದೆ, ಓದುವಾಗ ಮಾತ್ರ ‘ಯ’ಕ್ಕಿಂತ ಮೊದಲು ಉಚ್ಚರಿಸಬೇಕು. ಇದನ್ನು ದೊಡ್ಡವರಾದ ನಾವು ಯೋಚಿಸದೆ ಮಾಡುತ್ತೇವೆ, ಆದ್ದರಿಂದಲೇ ಅದು ಸುಲಭವೆಂದು ಭಾವಿಸುತ್ತೇವೆ. ಕನ್ನಡ ಮಾಧ್ಯಮದ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ, ಅಕ್ಷರಗಳ ಮೇಲಿನ ಹಿಡಿತ ಪೂರ್ಣಗೊಳ್ಳುವ ಕೆಲಸ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಮುಗಿಯುವುದಾದರೋ ಮೂರನೆಯ ತರಗತಿಗೆ. ಅಲ್ಲಿಂದ ಮುಂದೆ ಪರಿಸರ ಅಧ್ಯಯನ, ಗಣಿತ ಎಲ್ಲವೂ ಓದು ಬರುತ್ತದೆ ಎಂಬ ನಂಬಿಕೆಯ ಮೇಲೆಯೇ ನಡೆಯುತ್ತವೆ. ಒತ್ತಕ್ಷರವನ್ನು ಮತ್ತೆ ಕಲಿಸುವುದು ಯಾರ ಕೆಲಸವೂ ಅಲ್ಲ.

ತಜ್ಞರ ಮೊದಲ ಕೆಲಸ ಕಲಿಸುವುದಲ್ಲ, ಮಗು ಎಲ್ಲಿ ನಿಂತಿದೆ ಎಂದು ಹುಡುಕುವುದು. ಸರಳ ಪದಗಳಿಂದ ಕಠಿಣ ಪದಗಳವರೆಗಿನ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ತಿದ್ದದೆ, ಪ್ರತಿ ತಪ್ಪನ್ನೂ ಬರೆದುಕೊಂಡರೆ ಒಂದು ಮಗು ‘ಕೋಟೆ’ಯನ್ನು ‘ಕೊಟೆ’ ಎಂದೂ, ಇನ್ನೊಂದು ‘ಬೆಟ್ಟ’ವನ್ನು ‘ಬೆಟ’ ಎಂದೂ ಓದುವುದು ಕಾಣುತ್ತದೆ. ಮೊದಲನೆಯದಕ್ಕೆ ದೀರ್ಘದ ತೊಡಕು, ಎರಡನೆಯದಕ್ಕೆ ಒತ್ತಿನದು. ಇಬ್ಬರಿಗೂ ಇಡೀ ಕಾಗುಣಿತವನ್ನು ಹತ್ತು ಸಲ ಬರೆಸುವುದು ಶಿಕ್ಷೆಯೇ ಹೊರತು ಪಾಠವಲ್ಲ. ಬಳಿಕ ಪುಸ್ತಕ ಮುಚ್ಚಿ, ‘ಕಮಲ’ ಎಂಬುದರಲ್ಲಿ ನಡುವಿನ ಅಕ್ಷರ ಬಿಟ್ಟು ಹೇಳು ಎಂದು ಕೇಳಬೇಕು. ‘ಕಲ’ ಎನ್ನಲು ಬಾರದ ಮಗುವಿಗೆ ಬಾಯಿಮಾತಿನಲ್ಲಿ ಪದಗಳನ್ನು ಒಡೆದು ಕೂಡಿಸುವ ಆಟಗಳೂ ಬೇಕಾಗುತ್ತವೆ. ಮತ್ತೊಂದು ಬಗೆಯ ಮಕ್ಕಳಿದ್ದಾರೆ, ಸರಾಗವಾಗಿ ಓದುತ್ತಾರೆ, ಏನು ಓದಿದೆ ಎಂದರೆ ಸುಮ್ಮನಾಗುತ್ತಾರೆ. ಮನೆಯಲ್ಲಿ ಲಂಬಾಣಿ, ಉರ್ದು, ತುಳು ಮಾತನಾಡುವ ಮಕ್ಕಳಲ್ಲಿ ಕೊರತೆ ಅಕ್ಷರದ್ದಾಗಿರದೆ ಕನ್ನಡ ಪದಸಂಪತ್ತಿನದಾಗಿರಬಹುದು. ಇಂಥ ಭಿನ್ನ ಭಿನ್ನ ತೊಡಕುಗಳಿಗೆ ‘ಓದು ಬರುವುದಿಲ್ಲ’ ಎಂಬ ಒಂದೇ ಷರಾ ಬರೆದರೆ ಯಾರಿಗೂ ಉಪಯೋಗವಿಲ್ಲ.

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಬ್ಲಾಕ್ ಮಟ್ಟದಲ್ಲಿ ಬಿ.ಐ.ಇ.ಆರ್.ಟಿ.ಗಳು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಇದ್ದಾರಲ್ಲ ಎಂದು ಕೇಳುವವರಿದ್ದಾರೆ. ಇದ್ದಾರೆ ನಿಜ, ಆದರೆ ಎಲ್ಲ ಬಗೆಯ ಅಂಗವೈಕಲ್ಯದ ಹೊಣೆಯೂ ಅವರದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಸೇರಿಸಿಕೊಂಡಿದೆ, ಡಿಸ್‌ಲೆಕ್ಸಿಯಾ ಎಂಬ ಓದಿನ ನ್ಯೂನತೆಯನ್ನು ಗುರುತಿಸುವ ‘ಡಾಲಿ’ ಪರೀಕ್ಷೆ ಕನ್ನಡದಲ್ಲಿಯೂ ಇದೆ. ಇವೆರಡೂ ಒಳ್ಳೆಯ ಬೆಳವಣಿಗೆಗಳು. ಆದರೂ ಓದಿನಲ್ಲಿ ಹಿಂದುಳಿದ ಮಕ್ಕಳೆಲ್ಲರಿಗೂ ಡಿಸ್‌ಲೆಕ್ಸಿಯಾ ಇರುವುದಿಲ್ಲ. ನೆರವು ಪಡೆಯಲು ಮಗು ಪ್ರಮಾಣಪತ್ರಕ್ಕಾಗಿ ಕಾಯಬೇಕಾದ ಸ್ಥಿತಿ ಬರಬಾರದು.

ಹಾಗೆಂದು ಹುದ್ದೆಯ ಹೆಸರೇ ಕೆಲಸ ಮಾಡುವುದಿಲ್ಲ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ‘ರೀಡಿಂಗ್ ರಿಕವರಿ’ ಪದ್ಧತಿಯಲ್ಲಿ ತರಬೇತಾದ ಶಿಕ್ಷಕರು ಒಂದೊಂದೇ ಮಗುವಿಗೆ ದಿನವೂ ಅರ್ಧ ಗಂಟೆ ಪಾಠ ಹೇಳುತ್ತಿದ್ದರು. ಚಿತ್ರ ಮತ್ತು ಸಂದರ್ಭದಿಂದ ಪದವನ್ನು ಊಹಿಸುವುದಕ್ಕೂ ಅದರಲ್ಲಿ ಜಾಗವಿತ್ತು. ಮೊದಲಿಗೆ ಫಲ ಕಂಡಿತು. ಆದರೆ ಅದೇ ನೆರವು ಪಡೆದ ಅಮೆರಿಕದ ಮಕ್ಕಳು ಮೂರು, ನಾಲ್ಕನೆಯ ತರಗತಿಗೆ ಬರುವ ಹೊತ್ತಿಗೆ ನೆರವು ಪಡೆಯದ ಅದೇ ಮಟ್ಟದ ಮಕ್ಕಳಿಗಿಂತ ಹಿಂದಿದ್ದರೆಂದು 2022ರಲ್ಲಿ ಹೊರಬಂದ ಅಧ್ಯಯನ ಹೇಳಿತು. ನಮ್ಮಲ್ಲಿಯೂ ಪಾಠವನ್ನು ಬಾಯಿಪಾಠ ಮಾಡಿ ಚಿತ್ರ ನೋಡಿ ಒಪ್ಪಿಸುವ ಮಕ್ಕಳು ಕಡಿಮೆಯೇನಿಲ್ಲ.

ಹೊಸ ಹುದ್ದೆಗೆ ಹಣವಿಲ್ಲ ಎನ್ನುವುದಾದರೆ ಕ್ಲಸ್ಟರ್ ಮಟ್ಟದಲ್ಲಿ ಸಿ.ಆರ್.ಪಿ.ಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಈಗಾಗಲೇ ಇದ್ದಾರೆ, ಅವರೂ ಶಿಕ್ಷಕರೇ. ಮಾಹಿತಿ ಸಂಗ್ರಹಿಸಿ ಕಳುಹಿಸುವ ಕೆಲಸದಿಂದ ಅವರನ್ನು ಬಿಡಿಸಿ, ಓದಿನ ತೊಡಕು ಗುರುತಿಸುವ ಗಟ್ಟಿಯಾದ ತರಬೇತಿ ಕೊಟ್ಟು, ನಲಿಕಲಿ ದಾಟಿಬಂದ ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಂದಲೇ ಕೆಲಸ ಆರಂಭಿಸಬಹುದು.