ಹಿಮ್ಮಡಿ ನೋವು ಅಂದ ಮಾತ್ರಕ್ಕೆ ಓಟ ಬಿಡಬೇಕಾ?

ಹಿಮ್ಮಡಿ ನೋವಿದ್ದವರು ಮ್ಯಾರಥಾನ್ ಆಸೆಯನ್ನೇ ಬಿಡಬೇಕು ಅಂತ ಬರೆದಿದ್ದೀರಿ ಸಾರ್, ಅಷ್ಟು ಖಡಾಖಂಡಿತ ಬೇಡ. ನನಗೂ ಪ್ಲಾಂಟರ್ ಫೇಸಿಯೈಟಿಸ್, ಅಂದರೆ ಹಿಮ್ಮಡಿಯಿಂದ ಬೆರಳಿನ ಬುಡದವರೆಗಿನ ಅಂಗಾಲಿನ ಪಟ್ಟಿ ನೋಯುವ ತೊಂದರೆ, ಇದೆ. ಬೆಳಿಗ್ಗೆ ಮಂಚದಿಂದ ಇಳಿದು ಕಾಲೂರಿದರೆ ಮೊಳೆ ತುಳಿದ ಹಾಗೆ, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸಡಿಲ. ನಮ್ಮ ತುಮಕೂರಿನ ಅಮಾನಿಕೆರೆ ಹತ್ತಿರ ನಿಧಾನಕ್ಕೆ ಓಡಿ, ಮೆಟ್ಟಿಲ ಅಂಚಲ್ಲಿ ಹಿಮ್ಮಡಿ ಇಳಿಬಿಟ್ಟು ಮೀನಖಂಡ ಎಳೆದು ಎಳೆದು, ಬೆಂಗಳೂರಿನ 42.195 ಕಿ.ಮೀ. ಮುಗಿಸಿದೆ. ದೇವರಾಯನದುರ್ಗದ ಏರು ಮಾತ್ರ ಕೈಬಿಟ್ಟಿದ್ದೆ, ಮೀನಖಂಡ ಬಿಗಿದರೆ ಪಾದವೂ ಎಳೆಯುತ್ತೆ. ಕೊನೆಗೆ ಒಂದಷ್ಟು ದೂರ ನಡೆದೆ (ನಾಚಿಕೆ ಏನಿಲ್ಲ, ನಡೆಯೋರೇ ಜಾಸ್ತಿ ಅಲ್ಲಿ). ಆದರೆ ಮೂಳೆ ಬಿರುಕು ಇಲ್ಲ ಅಂತ ಡಾಕ್ಟರ ಹತ್ತಿರ ಖಾತ್ರಿ ಮಾಡಿಕೊಳ್ಳದೆ, ನೋವಿನ ಮಾತ್ರೆ ನುಂಗಿ ಓಡೋರಿದ್ದಾರಲ್ಲ, ಅವರನ್ನು ಇನ್ನೂ ಸ್ವಲ್ಪ ಬೈಯಿರಿ. ಬೆವರು ಸುರಿಯುವಾಗ ಆ ಮಾತ್ರೆ ಕಿಡ್ನಿಗೂ ಕಷ್ಟ.