ಬಣ್ಣಕ್ಕೇ 42 ಸೆಟ್ಟಿಂಗ್ ಯಾಕೆ?

ನಮ್ಮ ಲೆಕ್ಕದ ಆ್ಯಪ್‌ನಲ್ಲಿ ಮೊದಲು ಬಣ್ಣಕ್ಕೇ 42 ಸೆಟ್ಟಿಂಗ್ ಇಟ್ಟಿದ್ದೆವು. ಬಟನ್ನಿಗೊಂದು, ಗೆರೆಗೊಂದು, ಮೆನುಗೊಂದು. ಜನ ತಮಗೆ ಬೇಕಾದ ಹಾಗೆ ಮಾಡಿಕೊಳ್ಳಲಿ ಅಂತ. ಒಬ್ಬರು ಹಿನ್ನೆಲೆಯನ್ನು ಕಪ್ಪು ಮಾಡಿದರು. ಅಕ್ಷರ ಮೊದಲೇ ಕಪ್ಪು. ವಾಪಸ್ ಹೋಗುವ ಬಟನ್ ಕೂಡ ಕಾಣದೆ, "ಆ್ಯಪ್ ಕೆಟ್ಟುಹೋಯ್ತು" ಅಂತ ಫೋನ್ ಮಾಡಿದರು. ಅವರದೇನೂ ತಪ್ಪಿಲ್ಲ. ಒಂದು ಬಣ್ಣ ಬದಲಾದರೆ ಅದರ ಜೊತೆಗಾರ ಬಣ್ಣವೂ ಬದಲಾಗಬೇಕು. ಆ ಕೆಲಸವನ್ನು ನಾವು ಅವರ ತಲೆಗೆ ಕಟ್ಟಿದ್ದೆವು.

ಕೋಡ್ ಬರೆಯುವವರಲ್ಲಿ ಸುಮಾರು ಜನರಿಗೆ ಸೋಲರೈಸ್ಡ್ ಥೀಮ್, ಅಂದರೆ ಪರದೆಗೆ ಹಚ್ಚುವ ಸಿದ್ಧ ಬಣ್ಣಗಳ ಒಂದು ಜೋಡಣೆ, ಗೊತ್ತು. 2011ರಲ್ಲಿ ಈಥನ್ ಸ್ಕೂನೋವರ್ ಮಾಡಿದ್ದು. ಇರುವುದು 16 ಬಣ್ಣ, ಅಷ್ಟರಲ್ಲೇ ತಿಳಿ ಥೀಮೂ ಕಪ್ಪು ಥೀಮೂ ಎರಡೂ ಬರುತ್ತವೆ. ಆ ಲೆಕ್ಕಾಚಾರ ನನಗೆ ತುಂಬಾ ಇಷ್ಟ. ನಮ್ಮ ತಿಳಿ ಥೀಮಿಗೂ ಅದೇ ಬಣ್ಣಗಳನ್ನು ತಂದೆ. ಆದರೆ ಅದರಲ್ಲಿ ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಕಾಂಟ್ರಾಸ್ಟ್, ಅಂದರೆ ಎರಡರ ಹೊಳಪಿನ ಅನುಪಾತ, ಸುಮಾರು 4.1. ವೆಬ್ ಪುಟಗಳಿಗಿರುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಸಣ್ಣ ಅಕ್ಷರಕ್ಕೆ ಕೇಳುವುದು 4.5.

ಈ ಚೂರು ವ್ಯತ್ಯಾಸ ಕನ್ನಡದಲ್ಲಿ ಜಾಸ್ತಿ ಕಾಡುತ್ತದೆ. ನಮ್ಮ ಒತ್ತಕ್ಷರ ಕೆಳಗೆ ಪುಟ್ಟದಾಗಿ ಕೂರುತ್ತದೆ ಅಲ್ವಾ? ಅಪ್ಪ ಜಗಲಿ ಮೇಲೆ, ಬಿಸಿಲಲ್ಲಿ, ಫೋನನ್ನು ಹತ್ತಿರ ತಂದು, ದೂರ ಹಿಡಿದು ನೋಡಿದರು. "ಇದು ಹಣನೋ, ಹಣ್ಣೋ?" ಮಂಕು ಬೂದು ಬಣ್ಣದಲ್ಲಿ ಕೆಳಗಿನ ಒತ್ತು ಅವರಿಗೆ ಕಾಣಿಸಲೇ ಇಲ್ಲ.

ಈಗ ಕೇಳುವುದು ಮೂರೇ ಬಣ್ಣ. ಹಿನ್ನೆಲೆ, ಅಕ್ಷರ, ಎದ್ದು ಕಾಣಬೇಕಾದ್ದಕ್ಕೆ ಒಂದು. ಮಿಕ್ಕಿದ್ದನ್ನೆಲ್ಲ ಆ್ಯಪ್ಪೇ ಲೆಕ್ಕ ಹಾಕುತ್ತದೆ. ಕಾಂಟ್ರಾಸ್ಟ್ 4.5ಕ್ಕಿಂತ ಇಳಿದರೆ ಅಕ್ಷರವನ್ನು ತಾನೇ ಗಾಢ ಅಥವಾ ತಿಳಿ ಮಾಡುತ್ತದೆ.

ಹಾಗಂತ ಮೂರಕ್ಕೇ ಬಾಗಿಲು ಹಾಕುವುದೂ ಸರಿಯಲ್ಲ. ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದ ಒಬ್ಬರು ನಮ್ಮ ಆ್ಯಪ್ ಬಳಸುತ್ತಾರೆ. ಬಾಕಿ ಕೆಂಪು, ಜಮೆ ಹಸಿರು ಅಂತ ನಾವು ಇಟ್ಟಿದ್ದು ಅವರಿಗೆ ಎರಡೂ ಒಂದೇ ಥರ. ಕೋಡಿನಲ್ಲಿ ಬಣ್ಣಕ್ಕೆ "ಕೆಂಪು" ಅನ್ನುವ ಬದಲು "ಬಾಕಿ" ಅಂತಲೇ ಹೆಸರಿಟ್ಟಿದ್ದು ಆಗ ಕೈ ಹಿಡಿಯಿತು. ಬಾಕಿಗೆ ಬೇರೆ ಬಣ್ಣ ಕೊಡಲು ಒಂದು ಸಾಲು ಸಾಕಾಯಿತು. "ಇನ್ನಷ್ಟು ಬಣ್ಣ" ಅಂತ ಒಳಗೊಂದು ಪುಟ ಮಾಡಿ ಅಲ್ಲಿ ಇಟ್ಟೆವು.

ಆ ಪುಟವನ್ನು ಯಾರೂ ತೆರೆಯುವುದಿಲ್ಲ, ತೆಗೆದುಬಿಡೋಣ ಅನ್ನುವ ಮಾತು ತಂಡದಲ್ಲಿ ಆಗಾಗ ಬರುತ್ತದೆ. ನಾನು ಒಪ್ಪುವುದಿಲ್ಲ. ಕೆಂಪು-ಹಸಿರು ಒಂದೇ ಥರ ಕಾಣುವ ಅವರು ಅಲ್ಲೇ ಬಾಕಿಗೆ ಕಿತ್ತಳೆ, ಜಮೆಗೆ ನೀಲಿ ಇಟ್ಟುಕೊಂಡು ದಿನಾ ರಾತ್ರಿ ಲೆಕ್ಕ ಬರೆಯುತ್ತಿದ್ದಾರೆ.