ನೀಲಿ ಗಿಡದ ಬಣ್ಣ ಬಯಲು

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಕಾಂಪೌಂಡ್ ಗೋಡೆ ನೀಲಿ. ಅದರ ಪಕ್ಕದ ನೀಲಿ ಗಿಡ ಅರ್ಧ ಹಸಿರು. ಎರಡೂ ಉಲ್ಟಾ ಇರಬೇಕಿತ್ತು. ಗೋಡೆಯ ಮೇಲೆ ಒಂದು ಸ್ಪ್ರೇ ಬಾಟಲಿ ಬೇರೆ. ಅದು ಯಾರದ್ದು ಅಂತ ಪತ್ತೆ ಹಚ್ಚಲು ಪೊಲೀಸರೇನೂ ಬೇಕಿಲ್ಲ.

ಪಕ್ಕದ ಮನೆಯವರಿಗೆ ರಾಯರು ಅಂತಲೇ ಹೇಳೋಣ. ಅವರ ಕಿಟಕಿಗೂ ನಮ್ಮ ಕಿಟಕಿಗೂ ನಡುವೆ ಒಂದಿಷ್ಟು ಜಾಗ, ಎದೆಮಟ್ಟದ ಒಂದು ಗೋಡೆ, ಅಷ್ಟೇ. ಅವರು ಕೆಟ್ಟವರಲ್ಲ. ಆದರೆ ಕಣ್ಣು ಚುರುಕು. "ನಿನ್ನೆ ಒಂದೂವರೆವರೆಗೂ ಲೈಟ್ ಉರೀತಿತ್ತಲ್ಲ?" ಅನ್ನುತ್ತಾರೆ. "ಆ ಶರ್ಟು ಮೂರನೇ ದಿನ ಅಲ್ವಾ?" ಅನ್ನುತ್ತಾರೆ. ನಾನು ಒಮ್ಮೆ ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೆ. ಮರುದಿನ ಗೇಟಿನ ಹತ್ತಿರ ಸಿಕ್ಕಿ, "ವಾಕಿಂಗ್ ಶುರು ಮಾಡಿ, ಬಿಟ್ಟ ಕೂಡ್ಲೇ ವಾಪಸ್ ಬರುತ್ತೆ ಅದು" ಅಂದರು.

ಪರದೆ ಹಾಕಬಹುದಿತ್ತು. ಹಾಕಿದೆ. "ಏನ್ರೀ, ಹುಷಾರಿಲ್ವಾ? ಎರಡು ದಿನದಿಂದ ಪರದೆ ಎಳೆದೇ ಇದೆ" ಅಂತ ಮನೆಗೇ ಬಂದರು. ಗೋಡೆ ಎತ್ತರಿಸಿದರೆ ಮನಸ್ತಾಪ. ಮರ ನೆಟ್ಟರೆ ಮಾತ್ರ ಯಾರೂ ತಪ್ಪು ತಿಳಿಯೋದಿಲ್ಲ. ಗಿಡ ನೆಡುವವನನ್ನು ಕಂಡರೆ ಜನ ಒಳ್ಳೆಯವನೆಂದೇ ಅಂದುಕೊಳ್ಳುತ್ತಾರೆ. ದುರುದ್ದೇಶವೆಲ್ಲ ಎಲೆಮರೆಯ ಕಾಯಿ.

ಎಲೆ ಉದುರಿಸುವ ಜಾತಿ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಅದು ವರ್ಷಕ್ಕೊಮ್ಮೆ ಬೋಳಾಗಿ ನನ್ನನ್ನು ರಾಯರ ಕೈಗೆ ಒಪ್ಪಿಸಿಬಿಡುತ್ತದೆ. ಹಾಗಾಗಿ ನಿತ್ಯಹರಿದ್ವರ್ಣ. ಆದರೆ ಮರೆಗೆ ಅಂತ ತರುವ ಮರ ನೋಡಲೂ ಚೆನ್ನಾಗಿರಲಿ, ನೀಲಿ ಬಣ್ಣದ್ದೇ ಇರಲಿ ಅನ್ನುವ ಆಸೆ ಬೇರೆ ಹುಟ್ಟಿತು. ನಿತ್ಯಹರಿದ್ವರ್ಣ, ಆದರೆ ನೀಲಿ. ತಕರಾರು ಹೆಸರಲ್ಲೇ ಇತ್ತು, ನನಗೆ ಹೊಳೆಯಲಿಲ್ಲ.

ಕೊಲರಾಡೊ ಬ್ಲೂ ಸ್ಪ್ರೂಸ್ ನೋಡಿದೆ. ರಾಕಿ ಪರ್ವತಗಳ ಚಳಿಯ ಜೀವ, ಬೆಳವಣಿಗೆ ನಿಧಾನ. ಅದು ಕಿಟಕಿ ಮುಟ್ಟುವ ಹೊತ್ತಿಗೆ ಮುಚ್ಚಿಡುವಂಥದ್ದು ನನ್ನ ಬದುಕಿನಲ್ಲಿ ಏನೂ ಉಳಿದಿರೋದಿಲ್ಲ. ಮೊರಾಕೊ, ಅಲ್ಜೀರಿಯಾ ಬೆಟ್ಟಗಳ ನೀಲಿ ಅಟ್ಲಾಸ್ ಸೀಡರ್ ತುಂಬಾ ಚೆಂದ. ಆದರೆ ವಯಸ್ಸಾದಂತೆ 30–40 ಅಡಿ ಅಗಲಕ್ಕೆ ಕೈ ಚಾಚುತ್ತದೆ. ಅದಕ್ಕೆ ಜಾಗ ಬಿಡಬೇಕೆಂದರೆ ನಾನೂ ರಾಯರೂ ಇಬ್ಬರೂ ಮನೆ ಖಾಲಿ ಮಾಡಬೇಕು. ಯೋಚಿಸಿದರೆ ಅದೂ ಒಂದು ಪರಿಹಾರವೇ.

ಕೊನೆಗೆ ಮನೆಗೆ ಬಂದದ್ದು ಅರಿಜೋನಾ ಸೈಪ್ರೆಸ್, 'ಬ್ಲೂ ಐಸ್' ಅನ್ನುವ ತಳಿ. ಇದರ ಮೂಲ ಅಮೆರಿಕದ ನೈಋತ್ಯ ಭಾಗ ಮತ್ತು ಉತ್ತರ ಮೆಕ್ಸಿಕೊದ ಒಣ ಬೆಟ್ಟಗಳು. ದಿನವಿಡೀ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಬೆಳೆದರೆ 20–25 ಅಡಿ ಎತ್ತರ, ಆದರೂ ಮೈ ಜಾಸ್ತಿ ಹರಡೋದಿಲ್ಲ. ನನಗೆ ಹೇಳಿ ಮಾಡಿಸಿದ ಹಾಗಿತ್ತು.

ಬಂದಾಗ ಗಿಡದ ಎತ್ತರ 2 ಅಡಿ. ಗೋಡೆ 4 ಅಡಿ. ಗೋಡೆ ಆಗಲೇ ಮರೆಮಾಡಿದ್ದನ್ನು ಗಿಡ ಇನ್ನೊಮ್ಮೆ ಮರೆಮಾಡಿತು. ನನ್ನ ಮೊಣಕಾಲುಗಳಿಗೆ ಡಬಲ್ ಭದ್ರತೆ.

ನೆಡುವಾಗ ಎಲ್ಲ ಸರಿಯಾಗಿಯೇ ಮಾಡಿದ್ದೆ. ಕುಂಡದಲ್ಲಿದ್ದಷ್ಟೇ ಆಳ, ಅದರ ಎರಡರಷ್ಟು ಅಗಲದ ಗುಂಡಿ, ಸುತ್ತಿಕೊಂಡಿದ್ದ ಬೇರುಗಳನ್ನು ಬಿಡಿಸಿದ್ದು, ಎಲ್ಲ. ತಪ್ಪಿದ್ದು ಪ್ರೀತಿಯಲ್ಲಿ. ಬೇಗ ಬೆಳೆಯಲಿ ಅಂತ ದಿನಾ ಬಕೆಟ್‌ಗಟ್ಟಲೆ ನೀರು ಸುರಿದೆ. ಬರಗಾಲದ ಜೀವಕ್ಕೆ ಇಷ್ಟು ಉಪಚಾರ ಆಗಿಬರೋದಿಲ್ಲವಂತೆ. ಮೇಲೆ ಸರಸರ ಬೆಳೆಯಿತು, ಬೇರು ಹಿಂದೆ ಉಳಿಯಿತು. ಒಂದು ಗಾಳಿ ಬೀಸಿದ ಮರುದಿನ ಗಿಡ ಓಲಿ ನಿಂತಿತ್ತು. ಓಲಿದ್ದು ಯಾವ ಕಡೆಗೆ ಅನ್ನುತ್ತೀರಿ? ರಾಯರ ಕಿಟಕಿಯ ಕಡೆಗೆ. ಅವರಿಂದ ಮರೆಮಾಡಲೆಂದು ತಂದ ಗಿಡ ಅವರಿಗೇ ತಲೆಬಾಗಿ ನಿಂತಿತು. ಮೂರು ಗೂಟ ಹೊಡೆದು ಬಟ್ಟೆಯ ಪಟ್ಟಿ ಕಟ್ಟಿ ನೆಟ್ಟಗೆ ಮಾಡಿದೆ. ರಾಯರು ಗೂಟ ಹಿಡಿದುಕೊಂಡು ಸಹಾಯ ಮಾಡಿದರು. ಯಾಕೆ ನೆಟ್ಟಿದ್ದು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವತ್ತೇ ಅವರು ಮೊದಲ ಬಾರಿಗೆ ಗಿಡ ಮುಟ್ಟಿದ್ದು.

ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಚಿಗುರು ಹಿಡಿದು, ನೋಟು ಅಸಲಿಯೋ ನಕಲಿಯೋ ಅಂತ ನೋಡುವವರ ಹಾಗೆ ಉಜ್ಜಿದರು. ಬೆರಳು ಮೂಸಿದರು. "ಪೇಂಟ್ ಹೊಡೆಸಿದ್ದೀರಾ?" ಅಂದರು.

ಇಲ್ಲ ಅಂದೆ. ನಂಬಲಿಲ್ಲ. ಮರುದಿನವೂ ಉಜ್ಜಿದರು. ಅದರ ಮರುದಿನವೂ. ಬೆಳಿಗ್ಗೆ ಏಳಕ್ಕೆ ನಾನು ಹಲ್ಲುಜ್ಜುವ ಹೊತ್ತಿಗೆ ಸರಿಯಾಗಿ ಅವರು ಅಲ್ಲಿ ಗಿಡ ಉಜ್ಜುತ್ತಿರುತ್ತಾರೆ. ಮೊದಲೆಲ್ಲ ಗೇಟು ತೆಗೆದು ಸುತ್ತಿ ಬರಬೇಕಿತ್ತು. ಗಿಡ ಗೋಡೆ ದಾಟಿದ ಮೇಲೆ ಅವರ ಕಡೆಯಿಂದಲೇ ಕೈ ಚಾಚಿದರೆ ಸಾಕು. ಅದು ಬೆಳೆದಿದ್ದರ ಲಾಭ ಮೊದಲು ಆದದ್ದು ಅವರಿಗೇ. ನೆಂಟರು ಬಂದರೆ ಅವರನ್ನೂ ಕರೆತರುತ್ತಾರೆ. "ಮುಟ್ಟಿ ನೋಡಿ, ಏನಾಗೋದಿಲ್ಲ" ಅನ್ನುತ್ತಾರೆ. ಗಿಡ ನನ್ನದು, ಅಪ್ಪಣೆ ಅವರದ್ದು.

ಕಷ್ಟ ಇರುವುದು ಇಲ್ಲೇ. ಈ ಗಿಡದ ಎಲೆಯೊಳಗೆ ನೀಲಿ ಅನ್ನುವುದೇ ಇಲ್ಲ. ಒಳಗಿರುವುದು ಎಲ್ಲ ಗಿಡದಲ್ಲೂ ಇರುವ ಅದೇ ಹಸಿರು. ಮೇಲೆ ತೆಳ್ಳಗೆ ಮೇಣದ ಪೊರೆ ಇರುತ್ತದೆ. ಅದು ಬೆಳಕನ್ನು ಚೆದುರಿಸುವುದರಿಂದ ನಮಗೆ ನೀಲಿಯಾಗಿ ಕಾಣುತ್ತದೆ, ಅಷ್ಟೇ. ಕಪ್ಪು ದ್ರಾಕ್ಷಿಯ ಮೇಲೆ ಬೂದಿ ಹಚ್ಚಿದಂತೆ ಇರುತ್ತದಲ್ಲ, ಅದೇ ಜಾತಿ. ಬಿಸಿಲಿಗೆ ಎಲೆ ಒಣಗದಿರಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು. ಉಜ್ಜಿದರೆ ಹೋಯಿತು. ಹೋದದ್ದು ಹಳೆಯ ಎಲೆಗೆ ವಾಪಸ್ ಬರೋದು ಕಷ್ಟ, ಹೊಸ ಚಿಗುರಿಗೇ ಕಾಯಬೇಕು. ಇನ್ನೊಂದು ವಿಷಯ. ಮರ ಎತ್ತರವಾಗುವುದು ತುದಿಯಿಂದ, ಕೊಂಬೆ ಹುಟ್ಟಿದ ಎತ್ತರದಲ್ಲೇ ಉಳಿಯುತ್ತದೆ. ಅಂದರೆ ಮರ 25 ಅಡಿ ಆದರೂ ರಾಯರ ಕೊಂಬೆ ರಾಯರ ಕೈಯಳತೆಯಲ್ಲೇ ಇರುತ್ತದೆ. ಈಗ ಅಲ್ಲಿ ಎರಡು ಅಂಗೈ ಅಗಲದ ಹಸಿರು ತೇಪೆ ಇದೆ. "ಇವತ್ತು ನೀಲಿ ಸ್ವಲ್ಪ ಕಮ್ಮಿ ಅಲ್ವಾ?" ಅಂತ ಕೇಳುತ್ತಾ ಅದನ್ನೇ ಉಜ್ಜುತ್ತಾರೆ.

ನನ್ನ ಕೈಯೇನು ಶುದ್ಧವಲ್ಲ ಅನ್ನಿ. ಕಳೆದ ತಿಂಗಳು ಗಿಡದ ಒಳಗಡೆಯ ಎಲೆ ಕಂದು ಬಣ್ಣಕ್ಕೆ ತಿರುಗಿತು. ನುಸಿ ಹತ್ತಿದೆ ಅಂತ ಗಾಬರಿಯಾದೆ. ಬಕೆಟ್‌ನಲ್ಲಿ ಸೋಪು ಕದಡಿದೆ. ಸ್ಪಂಜು ತಗೊಂಡು ನಮ್ಮ ಕಡೆಯ ಅರ್ಧ ಭಾಗವನ್ನು, ಮಗುವಿಗೆ ಸ್ನಾನ ಮಾಡಿಸುವ ಹಾಗೆ, ಕಂಕುಳು ಸಮೇತ ತಿಕ್ಕಿದೆ. ಪೈಪು ಹಿಡಿದು ಜೋರಾಗಿ ತೊಳೆದೆ. ಒಣಗಿದ ಮೇಲೆ ನೋಡುತ್ತೇನೆ, ಅರ್ಧ ಗಿಡ ಹಸಿರು. ಅಚ್ಚ ಹಸಿರು. ನುಸಿಯೂ ಇರಲಿಲ್ಲವಂತೆ. ಬಿಸಿಲು ತಾಗದ ಒಳಗಿನ ಹಳೆಯ ಎಲೆ ಕಂದಾಗಿ ಉದುರುವುದು ಈ ಜಾತಿಯ ಮರಗಳಲ್ಲಿ ಮಾಮೂಲಿಯಂತೆ. ಇಷ್ಟೆಲ್ಲ ನಾನು ಓದಿದ್ದು ತಿಕ್ಕಿದ ಮೇಲೆ.

ರಾಯರಿಗೆ ಅವತ್ತು ಹಬ್ಬ. ಗೋಡೆಯ ಆ ಕಡೆ ನಿಂತು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ನಾನು ಮೊದಲೇ ಹೇಳಿದ್ದೆ" ಅಂದರು. ಒಳಗೆ ಹೋಗಿ ಮಗಳನ್ನು ಕರೆತಂದರು. ಅಳಿಯನಿಗೆ ಫೋಟೊ ಕಳಿಸಿದರು. ನಾನು ಮೇಣ ಅಂದೆ, ಬೆಳಕು ಅಂದೆ, ದ್ರಾಕ್ಷಿ ಅಂದೆ. "ಆಯ್ತು ಆಯ್ತು, ಮೋಸ ಹೋಗಿದ್ದೀರಿ, ಬೇಜಾರು ಮಾಡ್ಕೋಬೇಡಿ" ಅಂತ ಸಮಾಧಾನ ಹೇಳಿದರು. ಆಮೇಲೆ ಉಳಿದರ್ಧ ಅಸಲಿಯೋ ನೋಡೋಣ ಅಂತ ಅದನ್ನೂ ಉಜ್ಜಿದರು. ಹೋಗುವಾಗ ಒಂದು ಸಲಹೆ ಕೊಟ್ಟರು. "ಬಟ್ಟೆಗೆ ಹಾಕೋ ನೀಲಿ ಇದೆಯಲ್ಲ, ಎರಡು ಹನಿ ನೀರಿಗೆ ಬೆರೆಸಿ ಹೊಡೀರಿ. ಯಾರಿಗೂ ಗೊತ್ತಾಗಲ್ಲ."

ನನಗೆ ಉರಿಯಿತು. ಒಂದು ವಾರ ಕಿಟಕಿ ಕಡೆ ಹೋಗಲಿಲ್ಲ. ಯಾವ ಮರವೂ ಮಾಡದ ಕೆಲಸವನ್ನು ಸಿಟ್ಟು ಮಾಡಿತ್ತು.

ಮೊನ್ನೆ ಸಂಜೆ ಗೂಟದ ಪಟ್ಟಿ ಸಡಿಲ ಮಾಡುತ್ತಿದ್ದೆ. ರಾಯರು ಗೋಡೆಗೆ ಒರಗಿ ನಿಂತರು. ಗಿಡ ಮುಟ್ಟಲಿಲ್ಲ. ಅದೇ ಆಶ್ಚರ್ಯ.

"ಇದು ಇನ್ನೆಷ್ಟು ಬೆಳೆಯುತ್ತೆ?"

"20 ಅಡಿಯಂತೂ ಆಗುತ್ತೆ" ಅಂದೆ.

ತಲೆಯೆತ್ತಿ ನಮ್ಮ ಕಿಟಕಿ ನೋಡಿದರು. "ಹಾಗಾದ್ರೆ ನಿಮ್ಮನೆ ಲೈಟು ಕಾಣಲ್ಲ. ಮಗಳು ಊರಿಗೆ ಹೋದ ಮೇಲೆ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರಲ್ಲ ನೋಡಿ. ಯಾರೋ ಒಬ್ರು ಎದ್ದಿದಾರೆ ಅಂತ ಇರ್ತಿತ್ತು" ಅಂದರು. ನಾನು ಪಟ್ಟಿಯ ಗಂಟನ್ನು ಬಿಚ್ಚಿದೆ, ಮತ್ತೆ ಕಟ್ಟಿದೆ. ಕತ್ತಲಾಗುತ್ತಿತ್ತು. ಮುರಿದ ಒಂದು ಎಸಳಿನಿಂದ ರಾಳದ ವಾಸನೆ ಘಾಟಾಗಿ ಬರುತ್ತಿತ್ತು. ಅವರೇ ಮಾತು ಬದಲಿಸಿದರು. "ಆ ಹಸಿರು ಭಾಗ ನನಗೆ ಬಿಡಿ, ನಾನು ನೋಡ್ಕೋತೀನಿ" ಅಂದರು. ಆ ಹೊತ್ತಿನಲ್ಲಿ ನನಗೆ ಅದರ ಅರ್ಥ ಆಗಲಿಲ್ಲ. ಆಗಬೇಕಿತ್ತು.

ನಿನ್ನೆ ರಾತ್ರಿ ನೋಡಿಕೊಂಡಿದ್ದಾರೆ. ಬಟ್ಟೆ ನೀಲಿ, ಬಾಟಲಿ ತುಂಬಾ. ಆದರೆ ಮೇಣ ಇರುವ ಎಲೆಯ ಮೇಲೆ ನೀರು ನಿಲ್ಲೋದಿಲ್ಲ, ಹನಿಗಟ್ಟಿ ಜಾರುತ್ತದೆ. ತೊಳೆದ ಎಲೆಯ ಮೇಲೂ ಎಷ್ಟು ನಿಂತೀತು? ಎಲ್ಲ ಗೋಡೆಗೆ ಇಳಿದಿದೆ. ಸುಣ್ಣ ಬಳಿದ ಗೋಡೆ, ಪಾಪ, ಬಂದದ್ದನ್ನೆಲ್ಲ ಹೀರಿಕೊಂಡಿದೆ.

ನಾನು ಬಕೆಟ್ ತಗೊಂಡು ಹೊರಗೆ ಬರುವ ಹೊತ್ತಿಗೆ ರಾಯರೇ ಹಳೇ ಬಟ್ಟೆ ಹಿಡಿದು ಗೋಡೆ ಒರೆಸುತ್ತಿದ್ದರು. ಹತ್ತು ಬೆರಳೂ ನೀಲಿ. ಏನಾದರೂ ಅನ್ನಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕಣ್ಣು ಗಿಡದ ತುದಿಗೆ ಹೋಯಿತು. ಅಲ್ಲಿ ಹೊಸ ಚಿಗುರು ಬಂದಿದೆ. ಯಾರೂ ಮುಟ್ಟದ, ಯಾರೂ ತೊಳೆಯದ, ಬೆಳ್ಳಿಯಂಥ ನೀಲಿ.

"ಅರೆ, ಇದಕ್ಕೆ ನಾನು ಹೊಡೆದೇ ಇಲ್ವಲ್ರೀ!" ಅಂದರು ರಾಯರು. ಬಟ್ಟೆ ಕೆಳಗಿಟ್ಟು, ಹೆಬ್ಬೆರಳು, ತೋರುಬೆರಳು ಜೋಡಿಸಿ, ಕೈ ಮೇಲೆತ್ತಿದರು.